ಹ್ವಾಯ್ ಹೇಳ್

ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಮುಂದೆ ನೀರಿನ ಲೋಟ ಇರಬೇಕು. ಮುಂಬೈಯ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಕಾಲದಲ್ಲಿ ನಾನು ಕಲಿತ ಮೊದಲ ಪಾಠ ಅದು. ಊರಿಗೆ ಮರಳಿ ಕುಂದಾಪುರದಲ್ಲಿ ನನ್ನದೇ ಸಣ್ಣ ಹೋಟೆಲು ಹಾಕಿದ ಮೇಲೂ ಆ ಪಾಠ ಬಿಟ್ಟಿಲ್ಲ. ಕೈ ತೊಳೆದು ಬಂದವನ ಕಣ್ಣು ಯಾವ ಕಡೆ ಹೊರಳಿತು ಎಂದು ನೋಡಿಯೇ ಇವನಿಗೆ ಇಡ್ಲಿಯೋ ಬನ್ಸೋ ಎಂದು ಹೇಳಬಲ್ಲೆ. ಚಾ ಕುಡಿಯುವವನಿಗೆ ಸಕ್ಕರೆ ಎಷ್ಟು, ಸಾಂಬಾರು ಇನ್ನೊಮ್ಮೆ ಬೇಕೋ ಬೇಡವೋ, ಎಲ್ಲ ಮುಖದಲ್ಲೇ ಬರೆದಿರುತ್ತದೆ. ಜಂಭ ಎನ್ನುವವರು ಎನ್ನಲಿ. ಒಂದೇ ಕೆಲಸವನ್ನು ಮೂವತ್ತು ವರ್ಷ ಮಾಡಿದವನಿಗೆ ಅಷ್ಟು ಜಂಭವೂ ಬೇಡವೇ?

ಆದರೆ ನನ್ನ ಈ ಜಾಣತನವೇ ನನ್ನ ಮಗಳ ಬಾಯಿ ಕಟ್ಟಿತ್ತು. ಅದು ನನಗೆ ತಿಳಿಯುವಾಗ ಅವಳಿಗೆ ಹದಿನೇಳು ದಾಟಿತ್ತು.

ಅವಳಿಗೆ ಆಟಿಸಂ ಇದೆ. ಮೂರು ವರ್ಷವಿದ್ದಾಗಲೇ ಡಾಕ್ಟರು ಹೇಳಿದ್ದರು. ಮಾತು ಬಾರದವಳಲ್ಲ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಔಷಧದ ಪೊಟ್ಟಣ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಾಳೆ. ನಾವು ಹೇಳಿದ್ದನ್ನು ಹೇಳಿದ ರಾಗದಲ್ಲೇ ತಿರುಗಿ ಹೇಳುತ್ತಾಳೆ. ತನಗೆ ಬೇಕಾದದ್ದನ್ನು ಮಾತ್ರ ಕೇಳುತ್ತಿರಲಿಲ್ಲ. ಬಾಯಾರಿದರೆ ನೀರಿನ ಕೊಡದ ಹತ್ತಿರ ಹೋಗಿ ನಿಲ್ಲುವುದು. ಯಾರಾದರೂ "ನೀರ್ ಬೇಕಾ?" ಎನ್ನಬೇಕು, ಅವಳು "ನೀರ್ ಬೇಕಾ" ಎನ್ನಬೇಕು, ಅದೇ ಹೌದು ಎಂದು ಅರ್ಥ. ಯಾರೂ ನೋಡದಿದ್ದರೆ ಅರ್ಧ ಗಂಟೆ ಬೇಕಾದರೂ ನಿಂತಿರುತ್ತಿದ್ದಳು. ನಾನು ಮನೆಯಲ್ಲಿದ್ದರೆ ಆ ಪ್ರಶ್ನೆಯೂ ಇಲ್ಲ. ಅವಳು ಕೊಡದ ಕಡೆ ತಿರುಗುವ ಮೊದಲೇ ನನ್ನ ಕೈಯಲ್ಲಿ ಲೋಟ.

ಬ್ರಹ್ಮಾವರದ ಈಚೆ, ಹೆದ್ದಾರಿಯ ಬದಿಯಲ್ಲೇ ಇಂಥ ಮಕ್ಕಳ ಒಂದು ಶಾಲೆ ಇದೆ. ಹದಿನೆಂಟರವರೆಗೆ ವ್ಯಾನು ಮನೆ ಬಾಗಿಲಿಗೆ ಬರುತ್ತದೆ. ಆಮೇಲೆ ಅದೇ ಕಂಪೌಂಡಿನಲ್ಲಿ ದೊಡ್ಡವರಿಗೆ ಕೆಲಸದ ಕೋಣೆ: ಬಟ್ಟೆಚೀಲ ಹೊಲಿಯುವುದು, ಫೈಲು ಕಟ್ಟುವುದು, ನೂಲು ಸುತ್ತುವುದು. ಅಲ್ಲಿಗೆ ಸೇರಲು ಒಂದೇ ನಿಯಮ, ಬಸ್ಸಿನಲ್ಲಿ ತಾವೇ ಬಂದು ತಾವೇ ಹೋಗಬೇಕು. ಆಗದವರು ಮನೆಯಲ್ಲಿ. ನನ್ನ ಮಗಳಿಗೆ ಆ ಕೋಣೆಯ ಮೇಲೆ ಎಷ್ಟು ಆಸೆಯಿತ್ತೆಂದರೆ, ಸಂಜೆ ವ್ಯಾನು ಹತ್ತಿಸುವ ಹೊತ್ತಿಗೆ ದಿನಾ ಅದರ ಬಾಗಿಲಲ್ಲೇ ಸಿಗುತ್ತಿದ್ದಳಂತೆ, ಒಳಗಿನ ನೂಲಿನ ಉಂಡೆಗಳನ್ನು ನೋಡುತ್ತ. ಬಾಯಿ ಬಿಟ್ಟು ಕೇಳದವಳು ಕಾಲಿನಲ್ಲಿ ಕೇಳುತ್ತಿದ್ದಳು. ಹದಿನೆಂಟು ತುಂಬಲು ಒಂದು ವರ್ಷವೂ ಉಳಿದಿರಲಿಲ್ಲ.

ಆಗ ಶಾಲೆಗೆ ಹೊಸ ಟೀಚರ್ ಬಂದರು. ಘಟ್ಟದ ಮೇಲಿನ ಹುಡುಗಿ, ವಯಸ್ಸು ನನ್ನ ಅರ್ಧ ಇಲ್ಲ. ಒಂದು ಭಾನುವಾರ ನನ್ನ ಹೋಟೆಲಿಗೇ ಬಂದು ಮೂಲೆಯ ಮೇಜಿನಲ್ಲಿ ನೋಟುಬುಕ್ಕು ಹಿಡಿದು ಕೂತರು. ಮಗಳು ಭಾನುವಾರ ನನ್ನ ಜತೆ ಹೋಟೆಲಿನಲ್ಲೇ ಇರುತ್ತಾಳೆ. ಒಂದು ಗಂಟೆ ಕಳೆದ ಮೇಲೆ ಟೀಚರ್ ಎದ್ದು ಬಂದು ಹೇಳಿದರು: "ಅವಳಿಗೆ ನೀವು ಮೂರು ಸಲ ನೀರು ಕೊಟ್ಟಿರಿ, ಒಂದು ಸಲ ಬನ್ಸು ಕೊಟ್ಟಿರಿ, ಒಂದು ಸಲ ಫ್ಯಾನು ಹಾಕಿದಿರಿ. ಅವಳು ಒಂದನ್ನೂ ಕೇಳಲಿಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹೆತ್ತ ಮಗಳಿಗೆ ನೀರು ಕೊಟ್ಟದ್ದೂ ತಪ್ಪಾ?" ಎಂದು ಗಿರಾಕಿಗಳೆಲ್ಲ ತಿರುಗುವ ಹಾಗೆ ಕೇಳಿದೆ.

"ಕೊಟ್ಟದ್ದು ತಪ್ಪಲ್ಲ. ಅವಳಿಗೆ ಕೇಳಲು ಜಾಗವೇ ಬಿಡದೆ ಕೊಟ್ಟದ್ದು ತಪ್ಪು," ಎಂದರು ಟೀಚರ್. ಸ್ವರ ಒಂದಿಷ್ಟೂ ಏರಲಿಲ್ಲ. ನನಗೆ ಇನ್ನಷ್ಟು ಉರಿಯಿತು.

ಅವರು ಬಿಟ್ಟು ಹೋಗುವವರಲ್ಲ. ಕೂರಿಸಿ ಪಾಠ ಮಾಡಿದರು. ಮಗು ಸರಿಯಾದದ್ದನ್ನು ಮಾಡಲಿ ಎಂದು ನಾವು ಕೊಡುವ ಆಸರೆಗೆ ಪ್ರಾಂಪ್ಟು ಎನ್ನುತ್ತಾರಂತೆ. ಕೈ ಹಿಡಿದು ಮಾಡಿಸುವುದೂ ಪ್ರಾಂಪ್ಟು, ಬೆರಳು ತೋರಿಸುವುದೂ ಪ್ರಾಂಪ್ಟು, ಮಾತನ್ನು ಹೇಳಿಕೊಡುವುದೂ ಪ್ರಾಂಪ್ಟು. ಆಸರೆ ಕೊಡಬೇಕು, ಕೊಡದಿದ್ದರೆ ಕಲಿಯುವುದಿಲ್ಲ. ಆದರೆ ಕೊಟ್ಟ ದಿನದಿಂದಲೇ ಅದನ್ನು ಮೆಲ್ಲ ಮೆಲ್ಲ ಕಳಚುವ ಲೆಕ್ಕಾಚಾರವೂ ಇರಬೇಕು. ಕಳಚದೆ ಬಿಟ್ಟರೆ ಮಗು ಕೆಲಸವನ್ನು ಕಲಿಯುವುದಿಲ್ಲ, ಆಸರೆಗೆ ಕಾಯುವುದನ್ನು ಕಲಿಯುತ್ತದೆ. ನನಗೆ ಮನೆ ಕಟ್ಟಿಸಿದಾಗಿನ ಸೆಂಟ್ರಿಂಗ್ ನೆನಪಾಯಿತು. ಹಲಗೆಯನ್ನು ಬೇಗ ತೆಗೆದರೆ ಸ್ಲ್ಯಾಬು ತಲೆಯ ಮೇಲೆ, ತೆಗೆಯದೇ ಇದ್ದರೆ ಆ ಮನೆಯಲ್ಲಿ ವಾಸ ಮಾಡುವುದು ಹೇಗೆ? ಇದನ್ನು ಟೀಚರಿಗೆ ಹೇಳಲಿಲ್ಲ. ಅರ್ಥವಾಯಿತು ಎಂದು ಅಷ್ಟು ಬೇಗ ಒಪ್ಪಿಕೊಳ್ಳುವ ಜಾತಿಯಲ್ಲ ನಾನು.

ನೀರಿನಿಂದಲೇ ಸುರುಮಾಡಿದೆವು. ಮಗಳು ಕೊಡದ ಹತ್ತಿರ ಬಂದಾಗ ನಾನು ತುಂಬಿದ ಲೋಟ ಹಿಡಿದು ಅವಳ ಎದುರು ನಿಲ್ಲಬೇಕು. "ನೀರ್" ಎಂದು ನಾನೇ ಹೇಳಬೇಕು, ಅವಳು "ನೀರ್" ಎಂದ ತಕ್ಷಣ ಕೊಡಬೇಕು. ಕೆಲವು ದಿನವಾದ ಮೇಲೆ "ನೀ" ಎಂದಷ್ಟೇ ಹೇಳಿ ಬಿಡಬೇಕು. ಆಮೇಲೆ ಸ್ವರವಿಲ್ಲದೆ ಬರೀ ತುಟಿ. ಕೊನೆಗೆ ಅದೂ ಇಲ್ಲ. ಲೋಟ ಹಿಡಿದು ಮನಸ್ಸಿನಲ್ಲಿ ಐದರವರೆಗೆ ಎಣಿಸಬೇಕು.

ಐದು ಎಣಿಸುವುದು ಸುಲಭ ಎಂದುಕೊಂಡವರು ಒಮ್ಮೆ ನನ್ನ ಜಾಗದಲ್ಲಿ ನಿಲ್ಲಬೇಕು. ಮೂರಕ್ಕೆ ಬರುವಾಗ ನಾಲಗೆ ತುರಿಸುತ್ತದೆ, ನಾಲ್ಕಕ್ಕೆ ಕೈ ತಾನಾಗಿ ಮುಂದೆ ಹೋಗುತ್ತದೆ. ಮಗಳು ಲೋಟ ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ಮತ್ತೆ ಲೋಟ ನೋಡುತ್ತಾಳೆ. ಹಿಂದಿನಿಂದ ಹೆಂಡತಿ, "ಸುಮ್ನಿರಿ ಕಾಂಬ, ನಿಮ್ಮ ಬಾಯಿ ಎಂತ ಬಿದ್ದ್ ಹೋತ್ತಾ?" ಎಂದು ಗದರುತ್ತಿದ್ದಳು. ನನ್ನ ಹೆಂಡತಿ ಘಟ್ಟದ ಬುಡದ ಕೆರಾಡಿಯವಳು. ಮಾತು ಕಮ್ಮಿ, ಆಡಿದರೆ ತೂಕ ಜಾಸ್ತಿ.

ಎಷ್ಟೋ ವಾರ ಕಳೆದ ಮೇಲೆ ಒಂದು ದಿನ, ನಾನು ಗಿರಾಕಿಯೊಬ್ಬನ ಜತೆ ಪಂಚಾಯತಿ ರಾಜಕೀಯ ಕೊಚ್ಚುತ್ತಿದ್ದಾಗ, ಬೆನ್ನ ಹಿಂದೆ "ನೀರ್" ಎಂದು ಕೇಳಿತು. ಯಾರೋ ಗಿರಾಕಿ ಎಂದುಕೊಂಡು ತಿರುಗಿದರೆ ಮಗಳು. ಯಾರೂ ಕೇಳಿರಲಿಲ್ಲ, ಯಾರ ಕೈಯಲ್ಲೂ ಲೋಟ ಇರಲಿಲ್ಲ. ಅವತ್ತು ಅಷ್ಟು ದೊಡ್ಡ ಲೋಟ ಹುಡುಕಿ ತುಂಬಿಸಿ ಕೊಟ್ಟೆ. ಅವಳು ಎರಡು ಗುಟುಕು ಕುಡಿದು ಇಟ್ಟಳು, ಅವಳಿಗೆ ಬೇಕಾದದ್ದು ಅಷ್ಟೇ.

ಮಾತಿನ ಆಸರೆಗಿಂತ ಕೈಯ ಆಸರೆ ಕಳಚುವುದು ನನಗೆ ಸುಲಭವಾಯಿತು. ಪಾರ್ಸೆಲಿಗೆ ನೂಲು ಸುತ್ತುವುದನ್ನು ಹಾಗೆಯೇ ಕಲಿಸಿದೆ. ಮೊದಲು ಅವಳ ಕೈಯ ಮೇಲೆ ನನ್ನ ಕೈ, ಆಮೇಲೆ ಮಣಿಕಟ್ಟಿನಲ್ಲಿ ಎರಡು ಬೆರಳು, ಆಮೇಲೆ ಮೊಣಕೈ ಮುಟ್ಟಿದೆಯೋ ಇಲ್ಲವೋ ಎನ್ನುವಷ್ಟು. ಕೊನೆಗೆ ಪಕ್ಕದಲ್ಲಿ ಬರೀ ನಿಂತೆ. ಈಗ ಅವಳು ಕಟ್ಟಿದ ಗಂಟನ್ನು ಗಿರಾಕಿಗಳು ಹಲ್ಲಿನಲ್ಲಿ ಕಚ್ಚಿ ಬಿಡಿಸಬೇಕು, ನನ್ನ ಗಂಟು ಅಷ್ಟು ಬಿಗಿ ಇಲ್ಲ. ದೂರು ಹೇಳಿದವರಿಗೆ, "ಮನಿಯಗೆ ಕತ್ತರಿ ಇಲ್ಯಾ?" ಎಂದು ಕೇಳಿದ್ದೇನೆ.

ಇಷ್ಟಾದ ಮೇಲೆ ಬಸ್ಸು. ಬೈಂದೂರಿನಿಂದ ಉಡುಪಿಗೆ ಹೋಗುವ ಲೋಕಲ್ ಬಸ್ಸು ಬೆಳಿಗ್ಗೆ ನಮ್ಮ ಸ್ಟಾಪಿಗೆ ಬರುತ್ತದೆ. ಹತ್ತುವುದು ಕಷ್ಟವಿರಲಿಲ್ಲ, ಬೋರ್ಡು ಓದುವುದರಲ್ಲಿ ಅವಳಿಗೆ ನನ್ನ ಸಹಾಯ ಬೇಡ. ಕಷ್ಟ ಇಳಿಯುವುದರದ್ದು. ಶಾಲೆಯ ಸ್ಟಾಪು ಮಾಬುಕಳ ಸೇತುವೆ ದಾಟಿದ ಮೇಲೆ ಬರುವ ಸಣ್ಣ ಸ್ಟಾಪು. ಯಾರಾದರೂ ಕೂಗಿ ಹೇಳದಿದ್ದರೆ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಇಳಿದ ಬದಿಯಲ್ಲೇ ಶಾಲೆಯ ಗೇಟು, ರಸ್ತೆ ದಾಟುವ ಹೆದರಿಕೆಯಿಲ್ಲ. ಸಂಜೆ ದೊಡ್ಡವರನ್ನು ಶಾಲೆಯವರೇ ರಸ್ತೆ ದಾಟಿಸಿ ಬಸ್ಸು ಹತ್ತಿಸುತ್ತಾರೆ, ಕುಂದಾಪುರದಲ್ಲಿ ಬಸ್ಸು ಹೇಗೂ ನಿಲ್ಲುತ್ತದೆ. ಕೂಗಬೇಕು, ಅಷ್ಟೇ. ಅವಳಿಂದ ಆಗದೇ ಇದ್ದದ್ದೂ ಅದೊಂದೇ.

ಟೀಚರ್ ಒಂದು ಕಾರ್ಡು ಬರೆದು ತಂದರು: "ದಯವಿಟ್ಟು ಬಸ್ಸು ನಿಲ್ಲಿಸಿ, ನಾನು ಇಳಿಯಬೇಕು." ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಟೀಚರ್, ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಉಡುಪಿ ಸ್ಟ್ಯಾಂಡಿನಲ್ಲಿರುತ್ತದೆ. ಕಂಡಕ್ಟರು ಯಾವುದೋ ನಾಟಕ ಕಂಪೆನಿಯವರು ಎಂದುಕೊಳ್ಳುತ್ತಾನೆ."

"ಹಾಗಾದರೆ ನೀವು ಹೇಗೆ ಹೇಳುತ್ತೀರಿ?"

"ಹ್ವಾಯ್, ಇಳುಕಿತ್ತ್!"

ಗುರುತಿಲ್ಲದವರನ್ನು ಕೂಗಲು ನಮ್ಮಲ್ಲಿ ಹೆಸರು ಬೇಡ, ಸಾರ್ ಬೇಡ, ಅಣ್ಣ ಬೇಡ, ಹ್ವಾಯ್ ಸಾಕು. ಹೆಣ್ಣುಮಕ್ಕಳು ಮನೆಮಾತಿನಲ್ಲಿ ಅವಳು ಅಲ್ಲ, ಅದು. ಇಳಿಯಲಿಕ್ಕೆ ಇದೆ ಎಂಬ ಉದ್ದ ಮಾತು ಇಳುಕಿತ್ತ್ ಆಗುತ್ತದೆ. ಟೀಚರ್ ಅದನ್ನು ಮೂರು ಸಲ ಹೇಳಿಸಿಕೊಂಡು ಬರೆದುಕೊಂಡರು. ಅವರ ಬಾಯಲ್ಲಿ ಹ್ವಾಯ್ ಹೊರಳುವುದನ್ನು ಕೇಳಿ ಮಗಳೂ ನಕ್ಕಳು. ಕಲಿಸಲು ಬಂದವರಿಗೆ ನಾವು ಕಲಿಸಿದೆವಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಬೆಳಿಗ್ಗೆ ಅವಳ ಪಕ್ಕದಲ್ಲಿ ಕೂತು ಹೋಗತೊಡಗಿದೆ. ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನ, ಎಲ್ಲ ಬೋರ್ಡನ್ನೂ ಅವಳು ಓದುತ್ತಾಳೆ. ಸೇತುವೆ ಮುಗಿಯುತ್ತಲೂ ನಾನು ಅವಳ ಕಿವಿಯಲ್ಲಿ ಹೇಳಿಕೊಡುವುದು, ಅವಳು ಕೂಗುವುದು, ಬಸ್ಸು ನಿಲ್ಲುವುದು. ಟೀಚರ್ ಒಂದು ಮಾತು ಒತ್ತಿ ಹೇಳಿದ್ದರು: ಅವಳು ಏನು ಹೇಳಬೇಕೋ ಅದನ್ನು ಮಾತ್ರ ಹೇಳಿಕೊಡಿ, ಒಂದಕ್ಷರ ಜಾಸ್ತಿ ಬೇಡ. ನಾನು ತಲೆ ಅಲ್ಲಾಡಿಸಿದ್ದೆ. ಆದರೆ ಅವಳು ಮಗುವಾಗಿದ್ದಾಗಿನಿಂದ "ಟಾಟಾ ಹೇಳ್", "ನಮಸ್ಕಾರ ಹೇಳ್" ಎಂದು ರೂಢಿಯಾದ ಬಾಯಿ ಇದು. ಕಿವಿಯಲ್ಲಿ ನಾನು ಹೇಳುತ್ತಿದ್ದದ್ದು, "ಹ್ವಾಯ್ ಹೇಳ್, ಇಳುಕಿತ್ತ್ ಹೇಳ್." ಅವಳು ಅದರಲ್ಲಿ ತನಗೆ ಸಿಕ್ಕಿದಷ್ಟು ಕೂಗುತ್ತಿದ್ದಳು. ಕಂಡಕ್ಟರಿಗೆ ನಾವು ಗೊತ್ತು, ಅವನು ಹೇಗೂ ನಿಲ್ಲಿಸುತ್ತಿದ್ದ. ಗಾಳಿಯ ಶಬ್ದದಲ್ಲಿ ನಾನೂ ಗಮನಿಸಲಿಲ್ಲ.

ಎರಡು ವಾರವಾದ ಮೇಲೆ ಒಂದು ಬೆಳಿಗ್ಗೆ ಬಾಯಿಗೆ ಬೀಗ ಹಾಕಿ ಕೂತೆ. ಸೇತುವೆ ಬಂತು, ಹೋಯಿತು. ನಾನು ಮಾತಾಡಲಿಲ್ಲ. ಮಗಳು ನೆಟ್ಟಗೆ ಕೂತು, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದಳು:

"ಹ್ವಾಯ್ ಹೇಳ್!"

ಕಂಡಕ್ಟರು ತಿರುಗಿದ. "ಎಂತ ಹೇಳ್ಕ್ ಮಗಾ?"

"ಹ್ವಾಯ್ ಹೇಳ್."

"ಹ್ವಾಯ್," ಎಂದ ಅವನು ಪಾಪ, ಪ್ರಾಮಾಣಿಕವಾಗಿ. "ಹೇಳಿದೆ. ಇನ್ನೆಂತ ಹೇಳ್ಕ್?"

ಬಸ್ಸಿಗೆ ಬಸ್ಸೇ ನಕ್ಕಿತು. ಆ ಗಲಾಟೆಯಲ್ಲಿ ಸ್ಟಾಪು ಹಿಂದೆ ಉಳಿಯಿತು. ತನ್ನ ಗೇಟು ಕಿಟಕಿಯಲ್ಲಿ ಹಾದುಹೋದದ್ದನ್ನು ನೋಡಿ ಮಗಳು ಮಣಿಕಟ್ಟು ಕಚ್ಚಿಕೊಳ್ಳತೊಡಗಿದಳು. ಬ್ರಹ್ಮಾವರದಲ್ಲಿ ಇಳಿದು, ಕಂಡಕ್ಟರಿಗೆ ಸರಿಯಾಗಿ ಬೈದು, ಬಿಸಿಲಲ್ಲಿ ಅವಳನ್ನು ಕರೆದುಕೊಂಡು ಹಿಂದೆ ನಡೆದೆ. ಅವಳು ದಾರಿಯುದ್ದಕ್ಕೂ "ಇನ್ನೆಂತ ಹೇಳ್ಕ್, ಇನ್ನೆಂತ ಹೇಳ್ಕ್" ಎನ್ನುತ್ತಿದ್ದಳು. ನನಗೆ ಅಳು ಬರುವಷ್ಟು ಅವಮಾನವಾಗಿತ್ತು, ಸುಳ್ಳು ಹೇಳುವುದಿಲ್ಲ.

ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿದೆ. ಸಮಾಧಾನ ಮಾಡಿಯಾಳು ಎಂದುಕೊಂಡರೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: "ಅದ್ ಎಂತ ತಪ್ಪ್ ಹೇಳಿತ್? ನೀವ್ ಕಲ್ಸಿದ್ದನ್ನೇ ಹೇಳಿತ್. ಹ್ವಾಯ್ ಅಂಬ್ದ್ ಅದ್ರದ್ದ್. ಹೇಳ್ ಅಂಬ್ದ್ ನಿಮ್ದ್."

ಟೀಚರ್ ಹೇಳಿದ್ದೂ ಅದನ್ನೇ, ಇನ್ನಷ್ಟು ಉದ್ದವಾಗಿ. ನನ್ನ ಸೆಂಟ್ರಿಂಗ್ ಲೆಕ್ಕದಲ್ಲಿ ಹೇಳುವುದಾದರೆ, ಆಸರೆಯ ಹಲಗೆ ಸ್ಲ್ಯಾಬಿಗೇ ಅಂಟಿಕೊಂಡಿದೆ, ಮೊದಲು ಅದನ್ನು ಬಿಡಿಸಬೇಕು. ಒಂದು ಮೆಟ್ಟಿಲು ಹಿಂದೆ ಹೋಗಿ, ಹೋದದ್ದಕ್ಕೆ ನಾಚಿಕೆ ಬೇಡ ಎಂದರು. ನನ್ನ ಬಾಯಿಯ ಮೇಲೆ ಭರವಸೆಯಿಲ್ಲದೆ ಹೆಂಡತಿಯನ್ನು ಬಸ್ಸಿಗೆ ಹತ್ತಿಸಿದರು. ಮೂರು ವಾರ ಅವಳು ಮಗಳ ಪಕ್ಕ ಕೂತು ಹೋದಳು, ನಾನು ಹಿಂದಿನ ಸೀಟಿನಲ್ಲಿ. ಹೆಂಡತಿ ಮೊದಲು ಪಿಸುಮಾತಿನಲ್ಲಿ "ಹ್ವಾಯ್, ಇಳುಕಿತ್ತ್" ಎಂದಳು, ಮುಂದೂ ಇಲ್ಲ, ಹಿಂದೂ ಇಲ್ಲ. ಆಮೇಲೆ "ಹ್ವಾ" ಎಂದಷ್ಟೇ. ಆಮೇಲೆ ಬರೀ ತುಟಿ. ಹೋಟೆಲಿನಲ್ಲಿ ನಾನು ಮಗಳ ಗಂಟಲಿನ ಕೆಲಸ ಹಿಡಿದೆ. ಗ್ರೈಂಡರು ಗರ್ರ್ ಎನ್ನುತ್ತಿರುವಾಗ ಅಡುಗೆಮನೆಯ ತುದಿಯಿಂದ ಅವಳು ಹ್ವಾಯ್ ಎಂದು ನನ್ನನ್ನು ಕರೆಯಬೇಕು. ಮೆಲ್ಲಗೆ ಕರೆದರೆ ನಾನು ಕಿವುಡ, ಜೋರಾಗಿ ಕರೆದರೆ ಓಡಿ ಹೋಗುತ್ತಿದ್ದೆ. ಅಪ್ಪನನ್ನು ಹ್ವಾಯ್ ಎನ್ನುವ ಮಗಳು ಇಡೀ ಕುಂದಾಪುರದಲ್ಲಿ ನನಗೊಬ್ಬಳೇ ಇರಬೇಕು.

ತುಟಿಯೂ ಬೇಡವಾಯಿತು. ಮತ್ತೆ ನಾನು ಪಕ್ಕದಲ್ಲಿ ಕೂತೆ. ಐದು ದಿನ ಸಾಲಾಗಿ ಅವಳೇ ಕೂಗಿದಳು, ತಪ್ಪಿಲ್ಲದೆ. ನಾನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ. ಆರನೆಯ ದಿನ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ನೋಡಿದಳು. ಇಳಿದ ಮೇಲೆ ಹೇಳಿದಳು: "ಅದ್ ಸೇತುವೆ ಕಾಂತಿಲ್ಲೆ, ನಿಮ್ಮನ್ನ್ ಕಾಂತ್. ನೀವ್ ಚೀಲ ಹಿಡ್ಕಂಡ್ ಏಳೂಕ್ ಹೊರಟ್ ಕೂಡ್ಲೇ ಬಾಯಿ ಬಿಡತ್ತ್."

ಹೌದೇ ಹೌದು, ಅವಳು ನೋಡುತ್ತಿದ್ದದ್ದು ಸೇತುವೆಯನ್ನಲ್ಲ, ನನ್ನನ್ನು. ಸೇತುವೆ ಮುಗಿಯುವಾಗ ನನ್ನ ಕೈ ತೊಡೆಯ ಮೇಲಿನ ಚೀಲಕ್ಕೆ ಹೋಗುತ್ತಿತ್ತು, ಕುಂಡೆ ಸೀಟಿನಿಂದ ಅರ್ಧ ಏಳುತ್ತಿತ್ತು. ನನಗೇ ಗೊತ್ತಿರಲಿಲ್ಲ. ಬಾಯಿ ಮುಚ್ಚಿದರೆ ಮೈ ಮಾತಾಡುತ್ತಿತ್ತು. ಊರೆಲ್ಲ ಸಾರಿದ ಐದು ದಿನವೂ ಸುಳ್ಳಾಯಿತು. ಅವತ್ತು ಹೋಟೆಲಿನಲ್ಲಿ ಯಾರ ಜತೆಗೂ ಮಾತಾಡಲಿಲ್ಲ, ಗಿರಾಕಿಗಳು ಜ್ವರವೇ ಎಂದು ಕೇಳಿದರು.

ನಮ್ಮ ಬಸ್ಸುಗಳಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ; ಮಗಳ ಜತೆಗೆಂದು ಇಷ್ಟು ದಿನ ನನ್ನನ್ನು ಅವಳ ಪಕ್ಕ ಕೂರಲು ಬಿಟ್ಟಿದ್ದರು. ಆ ಪದ್ಧತಿ ನಮಗೆ ಉಪಕಾರವಾಯಿತು. ಮಗಳು ಮುಂದಿನ ಬಾಗಿಲಿನಿಂದ ಹತ್ತಿ ಮುಂದೆ ಕೂರಬೇಕು, ನಾನು ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸಾಲಿನಲ್ಲಿ. ಅವಳಿಗೆ ನಾನು ಕಾಣಬಾರದು. ಆದರೆ ನನ್ನನ್ನು ದೂರ ಮಾಡಿದರೆ ಆಯಿತೇ? ಬಸ್ಸಿನಲ್ಲಿ ಇನ್ನು ನಲವತ್ತು ಬಾಯಿ ಇದೆಯಲ್ಲ. ಸೇತುವೆ ಬರುವುದೇ ತಡ, ಮುಂದಿನ ಸೀಟಿನ ಹೆಂಗಸರು "ಮಗಾ, ನಿನ್ನ ಸ್ಟಾಪ್ ಬಂತ್, ಏಳ್" ಎಂದು ಸುರು. ಒಬ್ಬಾಕೆ ಚೀಲ ಎತ್ತಿಕೊಡುವುದು, ಇನ್ನೊಬ್ಬಾಕೆ ಭುಜ ತಟ್ಟುವುದು. ಕಂಡಕ್ಟರಂತೂ ಅವಳ ಮುಖ ನೋಡಿಯೇ ಸೀಟಿ ಊದುತ್ತಿದ್ದ. ನನ್ನ ಹಾಗೆಯೇ ಎಲ್ಲರೂ ಒಳ್ಳೆಯವರು. ಮೂರು ದಿನ ಸಹಿಸಿದೆ. ನಾಲ್ಕನೆಯ ದಿನ ಸಾಸ್ತಾನದಲ್ಲಿ ಎದ್ದು ನಿಂತು ಕಿರುಚಿದೆ:

"ಹ್ವಾಯ್, ಎಲ್ಲರೂ ಕೇಣಿ! ಸೇತುವೆ ದಾಟಿದ್ ಮೇಲ್ ಒಬ್ರೂ ಅದ್ರ ಹತ್ರ ಮಾತಾಡುಕಾಗ. ಮುಟ್ಟುಕಾಗ. ಸೀಟಿ ಊದುಕಾಗ."

ಮೀನಿನ ಬುಟ್ಟಿಯ ಹೆಂಗಸೊಬ್ಬಳು ತಿರುಗಿ ಬಿದ್ದಳು. "ಎಂತ ಅಪ್ಪ ಮಾರ್ರೆ ನೀವ್! ಹೆಣ್ಣ್ ಸ್ಟಾಪ್ ತಪ್ಪಿ ಎಲ್ಲಿಗಾರೂ ಹೋರೆ?"

"ತಪ್ಲಿ! ತಪ್ರೆ ಹಿಂದೆ ನಾ ಇದ್ದೆ. ನೀವೇ ಹೇಳ್ತಾ ಇದ್ರೆ ಅದ್ ಹೇಳೂದ್ ಯಾವಾಗ?"

ಸ್ವರ ಒಡೆಯಿತು. ಸಿಟ್ಟಿಗೆ ಒಡೆದದ್ದಲ್ಲ. ಮಗಳು ಕೆಲಸದ ಕೋಣೆಗೆ ಸೇರಬೇಕಾದರೆ ಏನಾಗಬೇಕು ಎಂಬುದನ್ನು ಅಲ್ಲೇ ನಿಂತು ಹೇಳಿದೆ. ಮೀನಿನವಳು, "ಅದನ್ನ್ ಮೊದ್ಲೇ ಹೇಳೂಕಾತಿಲ್ಯಾ? ಕೂಗೂದ್ ಎಂತಕೆ?" ಎಂದಳು.

ಮರುದಿನದಿಂದ ಆ ಬಸ್ಸನ್ನು ನೋಡಬೇಕಿತ್ತು. ಸೇತುವೆಯ ಆ ಕಡೆ ಸಂತೆ, ಈ ಕಡೆ ಬಂದರೆ ಗುಂಡುಸೂಜಿ ಬಿದ್ದರೂ ಕೇಳಬೇಕು. ಹೆಂಗಸರು ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಕೂರುವರು. ಕಂಡಕ್ಟರು ಹೊರಗೆ ನೋಡುವನು. ನಮ್ಮ ಊರಿನವರು ಅರ್ಧ ಫರ್ಲಾಂಗು ಮಾತಿಲ್ಲದೆ ಕೂತರು ಎಂದರೆ ನಂಬುವವರು ಯಾರು? ಮೊದಲ ಎರಡು ದಿನ ಮಗಳು ಕೂಗಲಿಲ್ಲ, ಬ್ರಹ್ಮಾವರದವರೆಗೆ ಹೋಗಿ ಹಿಂದೆ ನಡೆದೆವು. ಮೂರನೆಯ ದಿನ ಸಣ್ಣ ಸ್ವರದಲ್ಲಿ ಹ್ವಾಯ್ ಎಂದಳು. ಆ ವಾರದ ಕೊನೆಗೆ ಪೂರ್ತಿ ಹೇಳಿದಳು. ಮೀನಿನವಳು ಹಿಂದೆ ತಿರುಗಿ ನನ್ನ ಕಡೆ ನೋಡಿದ ನೋಟ, ಅವಳೇ ಹೆತ್ತ ಮಗಳು ಎನ್ನಬೇಕು.

ಆದರೂ ನನ್ನ ಮನಸ್ಸಿನಲ್ಲಿ ಹುಳ ಇತ್ತು. ಈ ಬಸ್ಸಿಗೆ ಇಡೀ ವಿಷಯ ಗೊತ್ತು. ಆ ಮೌನವೇ ಅವಳಿಗೆ ಸನ್ನೆಯಾಗಿದ್ದರೆ?

ಅದಕ್ಕೆ ಉತ್ತರ ಒಂದು ಸೋಮವಾರ ಸಿಕ್ಕಿತು. ಹದಿನೆಂಟು ತುಂಬಲು ಹದಿನೈದು ದಿನ ಉಳಿದಿತ್ತು. ನಮ್ಮ ಬಸ್ಸು ಕೆಟ್ಟುಹೋಗಿ ಬದಲಿಗೆ ಬೇರೆ ಬಸ್ಸು ಬಂತು. ಗುರುತಿಲ್ಲದ ಡ್ರೈವರು, ಗುರುತಿಲ್ಲದ ಕಂಡಕ್ಟರು, ಉಸಿರಾಡಲು ಜಾಗವಿಲ್ಲದಷ್ಟು ಜನ. ಇವತ್ತು ಬೇಡ ಎಂದು ನಾನು ನಿರ್ಧಾರ ಮಾಡುವಷ್ಟರಲ್ಲಿ ಮಗಳು ಬೋರ್ಡು ಓದಿ ಮುಂದಿನ ಬಾಗಿಲಲ್ಲಿ ಹತ್ತಿಯಾಗಿತ್ತು. ನಾನು ಹಿಂದಿನ ಬಾಗಿಲಿಗೆ ಜೋತುಬಿದ್ದೆ.

ಜನರ ನಡುವೆ ಅವಳ ತಲೆಯೂ ಕಾಣಿಸುತ್ತಿರಲಿಲ್ಲ. ಯಾರೋ ಜೋರಾಗಿ ಫೋನಿನಲ್ಲಿ ಮಾತಾಡುತ್ತಿದ್ದರು, ಡ್ರೈವರು ಹಾಡು ಹಾಕಿದ್ದ. ಕಂಡಕ್ಟರು ನನ್ನ ಪಕ್ಕದಲ್ಲೇ ಸಿಕ್ಕಿಕೊಂಡು ಟಿಕೆಟು ಹರಿಯುತ್ತಿದ್ದ. ಸಾಸ್ತಾನ ಹೋಯಿತು. ಸೇತುವೆ ಬಂತು, ಕೆಳಗೆ ಹೊಳೆ ಹೊಳೆಯುತ್ತಿತ್ತು, ಸೇತುವೆ ಮುಗಿಯಿತು. ಯಾರೂ ಸುಮ್ಮನಾಗಲಿಲ್ಲ. ಎಣಿಸತೊಡಗಿದೆ. ಒಂದು. ಎರಡು. ಕಂಡಕ್ಟರಿಗೆ ಮೆಲ್ಲ ಹೇಳಿಬಿಡಲೇ? ಅವನ ಕಿವಿ ನನ್ನ ಬಾಯಿಯ ಹತ್ತಿರವೇ ಇದೆ. ಅವಳಿಗೆ ಗೊತ್ತೂ ಆಗುವುದಿಲ್ಲ. ಮೂರು. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ನಾಲ್ಕು.

"ಹ್ವಾಯ್! ಇಳುಕಿತ್ತ್!"

ಹಾಡಿನ ಮೇಲೆ, ಫೋನಿನ ಮೇಲೆ, ಇಂಜಿನ್ನಿನ ಮೇಲೆ ಬಂತು ಆ ಸ್ವರ. ಪಕ್ಕದಲ್ಲಿದ್ದ ಕಂಡಕ್ಟರು ಬೆಚ್ಚಿಬಿದ್ದು ಸೀಟಿ ಊದಿದ. ಬಸ್ಸು ಗಕ್ಕನೆ ನಿಂತಿತು. ಜನರ ತೋಳಿನ ಸಂದಿಯಲ್ಲಿ ಕಿಟಕಿ ಸಿಕ್ಕಿತು. ಮಗಳು ಕೆಳಗೆ ನಿಂತು ಚೀಲದ ಪಟ್ಟಿ ಸರಿಮಾಡಿಕೊಂಡಳು, ಶಾಲೆಯ ಬೋರ್ಡನ್ನು ಒಮ್ಮೆ ಓದಿಕೊಂಡಳು, ಗೇಟಿನ ಕಡೆ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ.

ಬಸ್ಸು ಹೊರಟಿತು. ನಾನೂ ಅಲ್ಲೇ ಇಳಿಯಬೇಕಿತ್ತು ಎಂಬುದು ಆಗ ನೆನಪಾಯಿತು.

"ಎಂತ ಗಂಟ್ಲ್ ಮಾರ್ರೆ ಆ ಹೆಣ್ಣಿಂದ್!" ಎಂದ ಕಂಡಕ್ಟರು, ಕಿವಿ ಉಜ್ಜಿಕೊಳ್ಳುತ್ತ. "ಎದಿ ಒಡ್ದ್ ಹೋತಿತ್ತ್!"

ಹದಿನೇಳು ವರ್ಷದಲ್ಲಿ ನನ್ನ ಮಗಳ ಮೇಲೆ ಬಂದ ದೂರುಗಳನ್ನೆಲ್ಲ ತಲೆ ತಗ್ಗಿಸಿ ಕೇಳಿದ್ದೆ. ಈ ದೂರಿಗೆ ಮಾತ್ರ ಎದೆ ಉಬ್ಬಿತು. "ಅದ್ ನನ್ನ ಮಗಳ್," ಎಂದೆ. ಅವನು ನನ್ನ ಕಣ್ಣು ನೋಡಿ ಮುಂದಿನವನ ಟಿಕೆಟು ಹರಿದ.

ಬ್ರಹ್ಮಾವರದಲ್ಲಿ ಇಳಿದು ಅಂಗಡಿಯೊಂದರ ನೆರಳಿಗೆ ನಿಂತೆ. ಟೀಚರ ಮೆಸೇಜು ಬಂದಿತ್ತು, ಅವಳು ಬಂದಿದ್ದಾಳೆ, ಕೆಲಸದ ಕೋಣೆಯ ಮುಖ್ಯಸ್ಥರೇ ಗೇಟಿನಲ್ಲಿ ನಿಂತು ನೋಡಿದರು ಎಂದು. ಹೆಂಡತಿಗೆ ಫೋನು ಮಾಡಿದೆ.

"ಇಳೀತಾ?" ಎಂದಳು.

"ಇಳೀತ್."

"ಹೇಳೀತಾ?"

"ಇಡೀ ಬಸ್ಸಿಗ್ ಕೇಂಬಾಂಗೆ. ಹೊಸ ಬಸ್. ಯಾರಿಗೂ ಗೊತ್ತಿಲ್ಲೆ, ಯಾರೂ ಸುಮ್ಮನಾಯ್ಲಿಲ್ಲೆ."

ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು. "ನೀವ್ ಈಗ ಎಲ್ಲಿದ್ರಿ?"

"ಬ್ರಹ್ಮಾವರದಗೆ. ನಾ ಇಳೀಲಿಲ್ಲೆ."

ಅವಳು ನಕ್ಕಳು. ಆಮೇಲೆ ಮೆಲ್ಲ ಹೇಳಿದಳು, "ಹಾಂಗಾರೆ ನಾಳೆಂದ ನೀವ್ ಹೋ‌ಪ್ದ್ ಬ್ಯಾಡ."

ಇನ್ನೊಂದು ವಾರ ನೋಡೋಣ, ಮಳೆಗಾಲದಲ್ಲಿ ಏನು ಗತಿ, ಬಸ್ಸು ತಪ್ಪಿದರೆ, ಸಂಜೆ ತಡವಾದರೆ, ನೂರು ಮಾತು ಒಟ್ಟಿಗೆ ಗಂಟಲಿಗೆ ಬಂತು. ಮನಸ್ಸಿನಲ್ಲಿ ಐದರವರೆಗೆ ಎಣಿಸಿದೆ. ಅವಳೂ ಕಾದಳು, ಅವಸರ ಮಾಡಲಿಲ್ಲ.

"ಬ್ಯಾಡ," ಎಂದೆ.